ಲೈಕ್ ಒತ್ತಿದ ಮೇಲೆ ಏನಾಗುತ್ತೆ?

ಕ್ಲಾಸ್ ಗ್ರೂಪಿಗೆ ಆಗಾಗ ಒಂದು ಪಿಟಿಷನ್ ಲಿಂಕ್ ಬಂದು ಬೀಳುತ್ತೆ. ಕೆರೆ ಉಳಿಸಿ, ಮರ ಉಳಿಸಿ, ಇನ್ನೇನೋ ಉಳಿಸಿ. ಹೆಸರು, ಇಮೇಲ್ ತುಂಬಿ ಸಬ್ಮಿಟ್ ಒತ್ತಿ, ಮುಂದಿನ ಮೀಮ್ ನೋಡೋಕೆ ಹೋಗ್ತೀವಿ. ಆ ಸಹಿ ಯಾರ ಟೇಬಲ್ ಮೇಲೆ ಹೋಗಿ ಕೂರುತ್ತೆ ಅಂತ ಯಾರೂ ಕೇಳಲ್ಲ. ಎಷ್ಟೋ ಸಲ ಅದು ಯಾರ ಟೇಬಲನ್ನೂ ಮುಟ್ಟಿರಲ್ಲ. ಆದರೆ ದುಡ್ಡು, ಜನ ಎರಡೂ ಕಮ್ಮಿ ಇರುವ ಪುಟ್ಟ ಸಂಸ್ಥೆಗಳು ಇದೇ ಫೋನು, ಇದೇ ಇಂಟರ್ನೆಟ್ ಹಿಡಿದುಕೊಂಡು ಕೆಲಸ ಮಾಡಿಸಿಕೊಂಡಿದ್ದೂ ಇದೆ. ಅವರು ಹೇಗೆ ಮಾಡಿದರು ಅಂತ ನೋಡೋಣ.

2015ರ ಮಾರ್ಚ್ 27ರಂದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಒಂದು ಸಮಾಲೋಚನಾ ಪತ್ರ ಹೊರಡಿಸಿತು. ವಾಟ್ಸಾಪ್, ಸ್ಕೈಪ್‌ನಂಥ ಸೇವೆಗಳಿಗೆ ಪ್ರತ್ಯೇಕ ನಿಯಮ ಬೇಕೇ, ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕಬಹುದೇ ಅನ್ನೋದು ಅದರ ತಿರುಳು. 118 ಪುಟ, 20 ಪ್ರಶ್ನೆ, ಏಪ್ರಿಲ್ 24ಕ್ಕೆ ಗಡುವು. ಸೆಮಿಸ್ಟರ್ ನೋಟ್ಸನ್ನೇ ಹಿಂದಿನ ರಾತ್ರಿ ಓದುವ ನಾವು ಇದನ್ನ ಓದ್ತೀವಾ? ಒಂದಷ್ಟು ಸ್ವಯಂಸೇವಕರು ಕೂತು ಓದಿದರು. 20 ಪ್ರಶ್ನೆಗಳಿಗೂ ಉತ್ತರ ಬರೆದು ‘ಸೇವ್ ದಿ ಇಂಟರ್ನೆಟ್’ ಅನ್ನೋ ಸೈಟಿನಲ್ಲಿ ಹಾಕಿದರು. ಬಂದವರು ಆ ಉತ್ತರಗಳನ್ನ ಬೇಕಿದ್ದರೆ ತಿದ್ದಿ, ತಮ್ಮ ಇಮೇಲಿನಿಂದಲೇ ಟ್ರಾಯ್‌ಗೆ ಕಳಿಸಬಹುದಿತ್ತು. ಎಐಬಿ ತಂಡದ ತಮಾಷೆ ವಿಡಿಯೋ ವೈರಲ್ ಆಯ್ತು, ಜನ ಸೈಟಿಗೆ ನುಗ್ಗಿದರು. ಗಡುವಿನ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಮೇಲ್ ಹೋಗಿದ್ದವು. (ಟ್ರಾಯ್ ಆಮೇಲೆ ಆ ಮೇಲ್‌ಗಳನ್ನ ಕಳಿಸಿದವರ ವಿಳಾಸ ಸಮೇತ ವೆಬ್‌ಸೈಟಿನಲ್ಲಿ ಹಾಕಿಬಿಟ್ಟಿತು. ಸ್ಪ್ಯಾಮ್ ಕಳಿಸುವವರಿಗೆ ಹಬ್ಬ!)

ಬರೀ ಸಂಖ್ಯೆಯಿಂದ ಗೆದ್ದರು ಅಂದುಕೊಳ್ಳಬೇಡಿ. ಅದೇ ವರ್ಷ ಡಿಸೆಂಬರಿನಲ್ಲಿ ಟ್ರಾಯ್ ಇನ್ನೊಂದು ಪತ್ರ ತಂದಾಗ ಫೇಸ್‌ಬುಕ್ ತನ್ನ ‘ಫ್ರೀ ಬೇಸಿಕ್ಸ್’ ಪರವಾಗಿ ಇದೇ ತಂತ್ರ ಬಳಸಿತು. ಒಂದು ಬಟನ್ ಒತ್ತಿದರೆ ಸಾಕು, ನಿಮ್ಮ ಹೆಸರಲ್ಲಿ ಬೆಂಬಲ ಹೋಗ್ತಿತ್ತು. ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಫ್ರೀ ಬೇಸಿಕ್ಸ್ ಪರವೇ ಇದ್ದವು. ಆದರೆ ಆ ಪತ್ರ ನಾಲ್ಕು ನಿರ್ದಿಷ್ಟ ಪ್ರಶ್ನೆ ಕೇಳಿತ್ತು. ಈ ಸಿದ್ಧ ಮೇಲ್‌ಗಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡ್ತಿಲ್ಲ ಅಂತ ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನ ನಿಷೇಧಿಸುವ ನಿಯಮ ಬಂತು. ಅಷ್ಟು ದೊಡ್ಡ ಕಂಪನಿಯ ಹತ್ತಿರ ಸರ್ವರ್ ಇತ್ತು, ಜಾಹೀರಾತಿಗೆ ಹಣ ಇತ್ತು, ಕೋಟಿಗಟ್ಟಲೆ ಬಳಕೆದಾರರಿದ್ದರು. ಸ್ವಯಂಸೇವಕರ ಹತ್ತಿರ ಪ್ರಶ್ನೆಪತ್ರಿಕೆ ಓದಿ ಬರೆದ ಉತ್ತರ ಇತ್ತು. ಆ ಚಳವಳಿಯಿಂದ ಹುಟ್ಟಿದ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಈಗಲೂ ಸದಸ್ಯರ ದೇಣಿಗೆ ಎತ್ತಿಕೊಂಡು ಇದೇ ಕೆಲಸ ಮಾಡ್ತಿದೆ.

ಸರಿ, ಇಮೇಲ್ ಇರೋರ ಕಥೆ ಇದು. ಇಮೇಲ್ ಇರಲಿ, ಓದು ಬರಹವೇ ಇಲ್ಲದ ಊರಿನಲ್ಲಿ ಏನ್ ಮಾಡೋದು? ನನ್ನ ಮಟ್ಟಿಗೆ ಇದಕ್ಕೆ ಸಿಕ್ಕಿರುವ ಅತ್ಯಂತ ಚೆಂದದ ಉತ್ತರ ಛತ್ತೀಸಗಢದ ‘ಸಿಜಿನೆಟ್ ಸ್ವರ’. ಬಿಬಿಸಿಯಲ್ಲಿ ಪತ್ರಕರ್ತರಾಗಿದ್ದ ಶುಭ್ರಾಂಶು ಚೌಧರಿ 2010ರಲ್ಲಿ ಶುರು ಮಾಡಿದ್ದು. ಅಲ್ಲಿನ ಗೋಂಡಿ ಭಾಷೆ ಕನ್ನಡದ ಹಾಗೇ ದ್ರಾವಿಡ ಭಾಷೆ, ನಮ್ಮ ನೆಂಟನೇ ಅನ್ನಿ. ಲಕ್ಷಾಂತರ ಜನ ಮಾತಾಡ್ತಾರೆ, ಆದರೆ ಆ ಭಾಷೆಯಲ್ಲಿ ಪತ್ರಿಕೆ ಇಲ್ಲ, ಟಿವಿ ಚಾನೆಲ್ ಇಲ್ಲ. ಸಮುದಾಯ ರೇಡಿಯೋ ಹಾಕೋಣ ಅಂದರೆ ಅದರಲ್ಲಿ ಸ್ವಂತವಾಗಿ ಸುದ್ದಿ ಓದೋಕೆ ನಮ್ಮ ದೇಶದ ನಿಯಮ ಬಿಡಲ್ಲ. ಉಳಿದದ್ದು ಕೀಪ್ಯಾಡ್ ಫೋನು.

ವ್ಯವಸ್ಥೆ ಹೀಗಿದೆ: ನೀವು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡ್ತೀರಿ. ಸರ್ವರ್ ಕಾಲ್ ಕಟ್ ಮಾಡಿ ತಾನೇ ವಾಪಸ್ ಮಾಡುತ್ತೆ, ಹಾಗಾಗಿ ಖರ್ಚು ನಿಮ್ಮದಲ್ಲ. 1 ಒತ್ತಿದರೆ ನಿಮ್ಮ ಮಾತು ರೆಕಾರ್ಡ್ ಮಾಡಬಹುದು, 2 ಒತ್ತಿದರೆ ಬೇರೆಯವರದ್ದು ಕೇಳಬಹುದು. ಬ್ಯಾಂಕಿಗೆ ಫೋನ್ ಮಾಡಿದಾಗ ನಮ್ಮ ಪ್ರಾಣ ತಿನ್ನುವ ಅದೇ ಐವಿಆರ್! ಇದನ್ನ ಕಟ್ಟೋದಕ್ಕೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಬಿಲ್ ಥೀಸ್ ಕೈಜೋಡಿಸಿದ್ದರು. ಬಸ್ತರ್ ಕಾಡಿನ ಜನ ತಮ್ಮ ಊರಿನ ಸುದ್ದಿ ಹೇಳೋಕೆ 080 ಅಂತ ಬೆಂಗಳೂರಿನ ಎಸ್‌ಟಿಡಿ ಕೋಡ್ ಒತ್ತುತ್ತಿದ್ದರು ಅನ್ನೋದು ನನಗೆ ತುಂಬಾ ಇಷ್ಟವಾದ ವಿವರ.

ಐವಿಆರ್ ಕಟ್ಟೋದು ಫೈನಲ್ ಇಯರ್ ಪ್ರಾಜೆಕ್ಟಿನಷ್ಟೇ ಕೆಲಸ. ನಿಜವಾದ ಜಾಣ್ಮೆ ಅದರಾಚೆ ಇದೆ. ರೆಕಾರ್ಡ್ ಆದದ್ದು ನೇರವಾಗಿ ಪ್ರಸಾರ ಆಗಲ್ಲ. ಮಾಡರೇಟರ್‌ಗಳು ಕೇಳಿ, ಪರಿಶೀಲಿಸಿ, ಆಮೇಲೆ ಫೋನಿಗೂ ವೆಬ್‌ಸೈಟಿಗೂ ಬಿಡ್ತಾರೆ. ನರೇಗಾ ಕೂಲಿ ಬಂದಿಲ್ಲ, ಕೈಪಂಪು ಕೆಟ್ಟಿದೆ ಅಂತ ಹೇಳುವವರು ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರನ್ನೂ ಹೇಳ್ತಾರೆ, “ದಯವಿಟ್ಟು ಇವರಿಗೆ ಫೋನ್ ಮಾಡಿ” ಅಂತ. ಎಲ್ಲೋ ನಗರದಲ್ಲಿ ಕೂತು ವೆಬ್‌ಸೈಟಿನಲ್ಲಿ ಕೇಳಿದವರು ಆ ಅಧಿಕಾರಿಗೆ ಫೋನ್ ಮಾಡ್ತಾರೆ. ಹಳ್ಳಿಯವನ ಅರ್ಜಿಯನ್ನ ಫೈಲಿನಡಿ ಇಟ್ಟು ಮರೆತ ಸಾಹೇಬರಿಗೆ ಯಾವುದೋ ಊರಿಂದ ನಾಲ್ಕು ಜನ ಫೋನ್ ಮಾಡಿ “ಸಾರ್, ಆ ಕೈಪಂಪು ಏನಾಯ್ತು?” ಅಂದರೆ ಕುರ್ಚಿ ಸ್ವಲ್ಪ ಬಿಸಿಯಾಗುತ್ತೆ. ಕೆಲಸ ಆದಮೇಲೆ ದೂರು ಕೊಟ್ಟವರೇ ಮತ್ತೆ ಫೋನ್ ಮಾಡಿ “ಆಯ್ತು, ಧನ್ಯವಾದ” ಅಂತ ರೆಕಾರ್ಡ್ ಮಾಡ್ತಾರೆ. ಪಕ್ಕದ ಹಳ್ಳಿಯವರು ಅದನ್ನ ಕೇಳಿ ತಮ್ಮ ಕೈಪಂಪಿಗೂ ಫೋನ್ ಎತ್ತಿಕೊಳ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳಬೇಕಾಗಿಲ್ಲ, ಇದು ಕ್ಲೋಸ್ಡ್ ಲೂಪ್. ಪಿಟಿಷನ್ ಲಿಂಕ್ ಓಪನ್ ಲೂಪ್: ಇನ್‌ಪುಟ್ ಕೊಟ್ಟೆವು, ಔಟ್‌ಪುಟ್ ಏನಾಯ್ತೋ ದೇವರೇ ಬಲ್ಲ.

ದೂರು ಮಾತ್ರ ಇದ್ದಿದ್ದರೆ ಜನ ಬೇಸತ್ತು ಬಿಡ್ತಿದ್ದರೋ ಏನೋ. ಹಾಡು, ಔಷಧಿ ಗಿಡದ ಮಾಹಿತಿ, ಊರ ಸುದ್ದಿ ಎಲ್ಲ ಅದರಲ್ಲಿ ಬರುತ್ತೆ. ಹಾಡು ಕೇಳೋಕೆ ಬಂದವನು ದೂರೂ ಕೇಳಿಸಿಕೊಂಡು ಹೋಗ್ತಾನೆ. ಸಮುದಾಯ ಕಟ್ಟೋದು ಅಂದರೆ ಹೀಗೇ. ಮುಂದೆ ಇವರು ‘ಬುಲ್ಟೂ ರೇಡಿಯೋ’ ಅಂತಲೂ ಮಾಡಿದರು. ಬುಲ್ಟೂ ಅಂದರೆ ಬ್ಲೂಟೂತ್! ನೆಟ್ ಇರೋ ಕಡೆ ಕಾರ್ಯಕ್ರಮ ಇಳಿಸಿಕೊಂಡು, ಊರಲ್ಲಿ ಫೋನಿಂದ ಫೋನಿಗೆ ದಾಟಿಸೋದು. ತೊಂದರೆಗಳೂ ಇವೆ. ಪ್ರತಿ ವಾಪಸ್ ಕಾಲಿಗೂ ಸಂಸ್ಥೆ ದುಡ್ಡು ಕಟ್ಟಬೇಕು, ಅಂದರೆ ಜನಪ್ರಿಯ ಆದಷ್ಟೂ ಬಿಲ್ ಏರುತ್ತೆ. ತನ್ನ ಹೆಸರು, ಊರು, ದನಿ ಎಲ್ಲ ಕೊಟ್ಟು ಅಧಿಕಾರಿಯ ಮೇಲೆ ದೂರುವವನಿಗೆ ಅಪಾಯವೂ ಇದ್ದೇ ಇದೆ.

ನಮ್ಮಲ್ಲೇ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ ಹೊರಟಾಗ ‘ಸ್ಟೀಲ್ ಫ್ಲೈಓವರ್ ಬೇಡ’ ಅನ್ನೋ ಹ್ಯಾಶ್‌ಟ್ಯಾಗ್ ಓಡಿತು. ಓಡಿ ಅಲ್ಲೇ ನಿಲ್ಲಲಿಲ್ಲ. ಅಕ್ಟೋಬರ್ 16ರ ಭಾನುವಾರ ಜನ ಬೀದಿಗೆ ಬಂದು ಕೈ ಕೈ ಹಿಡಿದು ಸರಪಳಿ ನಿಂತರು. ಇನ್ನೊಂದು ಕಡೆ ಹಸಿರು ನ್ಯಾಯಮಂಡಳಿಯಲ್ಲಿ ಕೇಸೂ ನಡೀತಿತ್ತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸಿಟಿಜನ್ಸ್ ಫಾರ್ ಬೆಂಗಳೂರು ಗುಂಪು ಸಬರ್ಬನ್ ರೈಲಿಗಾಗಿ ‘ಚುಕುಬುಕು ಬೇಕು’ ಅಂತಲೂ ಶುರು ಮಾಡಿತು. ‘ಬೇಡ’ ಅಂದವರನ್ನ ‘ಬೇಕು’ ಅನ್ನೋದಕ್ಕೂ ಕರೆದುಕೊಂಡು ಹೋಗೋದು ಕಷ್ಟದ ಕೆಲಸ, ಸಿಟ್ಟು ಹರಡುವಷ್ಟು ವೇಗವಾಗಿ ಆಸೆ ಹರಡಲ್ಲ.

ನಿಮ್ಮಲ್ಲಿ ಕೆಲವರು ಎನ್ಎಸ್ಎಸ್ ಮೂಲಕವೋ ಊರಿನ ಪರಿಚಯದಿಂದಲೋ ಯಾವುದಾದರೂ ಪುಟ್ಟ ಸಂಸ್ಥೆಗೆ ಸಹಾಯ ಮಾಡ್ತಿರಬಹುದು. “ಆ್ಯಪ್ ಮಾಡಿಕೊಡ್ತೀವಿ ಸಾರ್” ಅನ್ನೋಕೆ ಮುಂಚೆ ಅವರ ಈಗಿನ ವ್ಯವಸ್ಥೆ ಏನು ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಒಂದು ವಾಟ್ಸಾಪ್ ಗ್ರೂಪ್, ಒಂದು ಗೂಗಲ್ ಶೀಟ್, ಎರಡೂ ಒಬ್ಬರೇ ಮೇಡಂ ಹೆಸರಲ್ಲಿ. ಅವರ ಫೋನ್ ಕಳೆದುಹೋದರೆ ಸದಸ್ಯರ ಪಟ್ಟಿ, ಹಳೇ ಫೋಟೋ, ದೂರುಗಳ ಲೆಕ್ಕ ಎಲ್ಲ ಗೋವಿಂದ. ಗ್ರೂಪಿಗೆ ಎರಡನೇ ಅಡ್ಮಿನ್ ಮಾಡಿಸಿ, ಶೀಟನ್ನ ಸಂಸ್ಥೆಯ ಖಾತೆಗೆ ವರ್ಗಾಯಿಸಿ, ಅದರಲ್ಲಿ ‘ಯಾರಿಗೆ ಹೇಳಿದೆವು’, ‘ಏನು ಉತ್ತರ ಬಂತು’ ಅಂತ ಎರಡು ಕಾಲಂ ಸೇರಿಸಿ ಕೊಡಿ. ಅರ್ಧ ದಿನ ಸಾಕು, ಕೋಡ್ ಒಂದು ಸಾಲೂ ಬರೆಯಬೇಕಿಲ್ಲ.