ಪೆಟ್ರೋಲಿಯಂ ಎಂಜಿನಿಯರಿಂಗ್ ಸೇರುವ ಮುಂಚೆ

ನಮ್ಮ ಮಾಮು ಸೌದಿಯ ಜುಬೈಲಿನಲ್ಲಿ ಪೈಪ್ ಫಿಟ್ಟರ್. ಅವರ ಮಗ ನಮ್ಮ ಕಾಲೇಜಿನಲ್ಲೇ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಊರಿನ ಸೈಟು ಮಾರಿಯಾದರೂ ಸರಿ, ಖಾಸಗಿ ಕಾಲೇಜಿಗೆ ಸೇರಿಸಿ ಅವನನ್ನು ಪೆಟ್ರೋಲಿಯಂ ಎಂಜಿನಿಯರ್ ಮಾಡುತ್ತೇನೆ ಎಂದು ಮಾಮು ಫೋನಿನಲ್ಲಿ ಹೇಳಿದರು. ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಾಮರ್ಸ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದದ ನನಗೆ ಅಲ್ಲಿ ಪ್ರವೇಶವಿಲ್ಲ. ಆದರೂ ಹುಡುಕಿ ಓದುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ಬೇರ್ಪಡಿಸುವುದು ರಿಫೈನರಿ. ಮಂಗಳೂರಿನ ಎಂಆರ್‌ಪಿಎಲ್ ಅಂಥದ್ದು. ಅಲ್ಲಿ ಮುಖ್ಯವಾಗಿ ಬೇಕಾಗುವವರು ಕೆಮಿಕಲ್ ಎಂಜಿನಿಯರುಗಳು. ಪೆಟ್ರೋಲಿಯಂ ಎಂಜಿನಿಯರನ ಕೆಲಸ ಅದಕ್ಕಿಂತ ಹಿಂದಿನದು: ನೆಲದೊಳಗಿನ ತೈಲವನ್ನು ಮೇಲೆ ತರುವುದು. ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ. ಆದ್ದರಿಂದ ಅಸ್ಸಾಂ, ಗುಜರಾತ್, ರಾಜಸ್ಥಾನ ಅಥವಾ 1974ರಲ್ಲಿ ತೈಲ ಸಿಕ್ಕ ಮುಂಬೈ ಹೈ ಸಮುದ್ರಕ್ಕೆ ಹೋಗಲೇಬೇಕು. ಸಮುದ್ರದ ಮೇಲೆ ದಿನಕ್ಕೆ 12 ಗಂಟೆ ಪಾಳಿ, ಸಾಮಾನ್ಯವಾಗಿ 14 ದಿನ ಕೆಲಸ, 14 ದಿನ ರಜೆ.

ನೆಲದೊಳಗೆ ತೈಲ ಕೆರೆಯಂತೆ ನಿಂತಿರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಮರಳುಗಲ್ಲು, ಸುಣ್ಣಗಲ್ಲುಗಳ ಸಣ್ಣ ಸಣ್ಣ ರಂಧ್ರಗಳಲ್ಲಿ, ಸ್ಪಂಜಿನಲ್ಲಿ ನೀರಿದ್ದಂತೆ ಇರುತ್ತದೆ. ಕಲ್ಲಿನಲ್ಲಿ ರಂಧ್ರ ಎಷ್ಟು, ಒಂದರಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂದು ಲೆಕ್ಕ ಹಾಕಬೇಕು. ಎಷ್ಟೇ ಪ್ರಯತ್ನಪಟ್ಟರೂ ಹೆಚ್ಚಿನ ಕಡೆ ಅರ್ಧಕ್ಕಿಂತ ಹೆಚ್ಚು ತೈಲ ಕಲ್ಲಿನಲ್ಲೇ ಉಳಿಯುತ್ತದೆ. ನೀರನ್ನೋ ಅನಿಲವನ್ನೋ ಒಳಗೆ ತುಂಬಿ ಇನ್ನಷ್ಟು ಹೊರಡಿಸುವುದು ಓದಿನ ದೊಡ್ಡ ಭಾಗ.

ಕೊರೆಯುವುದೂ ನಮ್ಮ ಬೋರ್‌ವೆಲ್ ಲಾರಿಯಷ್ಟು ಸರಳವಲ್ಲ. ಬಾವಿಯೊಳಗೆ ಜೇಡಿಮಣ್ಣು ಬೆರೆಸಿದ ದ್ರವವನ್ನು ಸತತವಾಗಿ ಹರಿಸುತ್ತಾರೆ. ಅದಕ್ಕೆ ಮಡ್ ಎಂದೇ ಹೆಸರು. ಅದು ಕೊರೆಯುವ ಬಿಟ್ಟನ್ನು ತಂಪಾಗಿಡುತ್ತದೆ, ಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ, ತನ್ನ ಭಾರದಿಂದ ಕೆಳಗಿನ ಒತ್ತಡವನ್ನು ಅದುಮಿ ಹಿಡಿಯುತ್ತದೆ. ಭಾರ ಹೆಚ್ಚಾದರೆ ಕಲ್ಲು ಬಿರುಕು ಬಿಡುತ್ತದೆ. ಕಡಿಮೆಯಾದರೆ ತೈಲ, ಅನಿಲ ಮೇಲಕ್ಕೆ ನುಗ್ಗುತ್ತವೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್‌ನಲ್ಲಿ ಬಾವಿ ಹಿಡಿತ ತಪ್ಪಿ 11 ಜನ ಸತ್ತರು. ಈ ಭಾಗ ಓದುವಾಗ ಸೈನ್ಸ್ ತೆಗೆದುಕೊಳ್ಳಬೇಕಿತ್ತು ಎಂದು ನನಗೇ ಅನ್ನಿಸಿತು.

ಇನ್ನು ನನಗೆ ಗೊತ್ತಿರುವ ವಿಷಯ, ಬೆಲೆ. 2012ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರಿಗಿಂತ ಮೇಲಿತ್ತು. ಆ ಸಂಬಳ ನೋಡಿ ಸೇರಿದ ಹುಡುಗ ನಾಲ್ಕು ವರ್ಷ ಮುಗಿಸಿ ಹೊರಬಂದದ್ದು 2016ರಲ್ಲಿ. ಆ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿದಿತ್ತು. ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್ ದಾಟಿತು! ಸೀಟು ತೆಗೆದುಕೊಳ್ಳುವುದು ಒಂದು ಬೆಲೆಯಲ್ಲಿ, ಕೆಲಸ ಹುಡುಕುವುದು ಇನ್ನೊಂದು ಬೆಲೆಯಲ್ಲಿ. ಸೈಟು ಮಾರುವವರು ಈ ಲೆಕ್ಕವನ್ನೂ ಹಾಕಬೇಕು. ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ ಎಂಬ ಮಾತೂ ಹಳೆಯದಾಯಿತು. ಸೌದಿಯ ದಹ್ರಾನಿನಲ್ಲಿ 1963ರಿಂದಲೇ ಇದಕ್ಕೆ ಅವರದೇ ವಿದ್ಯಾಸಂಸ್ಥೆ ಇದೆ. ಅವರ ಹುಡುಗರಿಗೇ ಮೊದಲ ಆದ್ಯತೆ.

ಸೇರಲೇಬೇಕೆಂದಿದ್ದರೆ ಧನಬಾದಿನ ಐಐಟಿ ಇದೆ, ಉತ್ತರ ಪ್ರದೇಶದ ಜಾಯಸ್‌ನಲ್ಲಿ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆ ಇದೆ. ಎರಡಕ್ಕೂ ಜೆಇಇ ಅಡ್ವಾನ್ಸ್ಡ್ ಬರೆಯಬೇಕು. ಅಲ್ಲಿ ಸೀಟು ಸಿಕ್ಕರೆ ಕಣ್ಣುಮುಚ್ಚಿ ಹೋಗಬಹುದು ಎಂದು ನನ್ನ ಅಭಿಪ್ರಾಯ. ಸಿಗದಿದ್ದರೆ ಇಲ್ಲೇ ಸಿಇಟಿ ಮೂಲಕ ಕೆಮಿಕಲ್ ಅಥವಾ ಮೆಕ್ಯಾನಿಕಲ್ ಓದಿ, ಆಮೇಲೆ ಗೇಟ್ ಬರೆದು ಪೆಟ್ರೋಲಿಯಂನಲ್ಲಿ ಎಂಟೆಕ್ ಮಾಡುವ ದಾರಿಯೂ ಇದೆ. ಅಷ್ಟರಲ್ಲಿ ತೈಲದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದೂ ತಿಳಿದಿರುತ್ತದೆ.

ಇದನ್ನೆಲ್ಲ ಮಾಮುಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಪ್ಲಾಂಟಿನಲ್ಲಿ ಇರುವವರೆಲ್ಲ ಕೆಮಿಕಲ್‌ನವರಾ?" ಎಂದು ಕೇಳಿದರು. ಹೆಚ್ಚಿನವರು ಇರಬಹುದು, ನೀವೇ ಕೇಳಿ ನೋಡಿ ಎಂದೆ. ಸೈಟಿನ ಮಾತು ಜೆಇಇ ಫಲಿತಾಂಶದ ಮೇಲೆ ನೋಡೋಣ ಎಂದಾಗಿದೆ. ಅವರ ಮಗ ಈಗ ಬೆಳಿಗ್ಗೆ ಫಜ್ರ್ ಮುಗಿಸಿ ಗಣಿತಕ್ಕೆ ಕೂರುತ್ತಿದ್ದಾನೆ.