ಬೇಡ್ತಿಯಿಂದ ಬೆಣ್ಣಿಹಳ್ಳಕ್ಕೆ ಸೈಕಲ್ ಹಾದಿ

ನಮ್ಮ ಭಾಗದ ಹಳ್ಳಿಗಳಲ್ಲಿ ಪಡಸಾಲೆಯ ಮೂಲೆಗೋ ದನದ ಕೊಟ್ಟಿಗೆಯ ಗೋಡೆಗೋ ಒರಗಿದ ಸೈಕಲ್ಲೊಂದು ಎಷ್ಟೋ ಮನೆಗಳಲ್ಲಿ ಸಿಗುತ್ತದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಬಂದವು ಅವು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅದರ ಮೇಲೆಯೇ ಓಡಾಟ. ಕಾಲೇಜು ಸೇರಿದೊಡನೆ ಕೈಗೆ ಬಸ್ ಪಾಸ್ ಬರುತ್ತದೆ, ಸೈಕಲ್ಲಿನ ಗಾಲಿ ಚಪ್ಪಟೆಯಾಗುತ್ತದೆ. ಡಿಗ್ರಿ ಮುಗಿಸಿ ಇನ್ನೂ ಕೆಲಸ ಸಿಗದ ಹುಡುಗ ಅದನ್ನೇ ಹತ್ತಿ ಹೊರಟರೆ ಕಟ್ಟೆಯ ಮೇಲಿಂದ ಪ್ರಶ್ನೆ ಬರುತ್ತದೆ: ‘ಯಾಕೋ ತಮ್ಮಾ, ಗಾಡಿ ತಗೊಂಡಿಲ್ಲೇನ ಇನ್ನಾ?’ ಈ ಒಂದು ಪ್ರಶ್ನೆಗೆ ಅಂಜಿಯೇ ಎಷ್ಟೋ ಸೈಕಲ್‌ಗಳು ತುಕ್ಕು ಹಿಡಿದಿವೆ.

ಅತ್ತ ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಇದೇ ಹಳ್ಳಿಗಳಿಂದ ಬಂದವರು ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಪಂಪನ ಕೃತಿಗಳು, ಮಲಪ್ರಭಾ ಅಣೆಕಟ್ಟು, ಪೂರ್ವಕ್ಕೆ ಹರಿಯುವ ನದಿ, ಪಶ್ಚಿಮಕ್ಕೆ ಹರಿಯುವ ನದಿ – ಎಲ್ಲವೂ ಅವರ ನೋಟ್ಸ್‌ನಲ್ಲಿವೆ. ಅವೆಲ್ಲ ತಮ್ಮ ಕೋಣೆಯಿಂದ ಒಂದು ಬೆಳಗಿನ ಸೈಕಲ್ ದೂರದಲ್ಲಿವೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಅಧಿಸೂಚನೆ ಯಾವಾಗ, ಫಲಿತಾಂಶ ಯಾವಾಗ ಎಂದು ವರ್ಷಗಟ್ಟಲೆ ಕಾಯುವವರಿಗೆ, ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸಬಹುದಾದ ಕೆಲಸವೊಂದು ಬೇಕು. ನಮ್ಮ ಜಿಲ್ಲೆಯ ಹಳ್ಳಿ ರಸ್ತೆಗಳು ಅದನ್ನು ಪುಕ್ಕಟೆ ಕೊಡುತ್ತವೆ.

ಇಟಲಿಯ ಮಣ್ಣುದಾರಿ

ದಕ್ಷಿಣ ಯುರೋಪಿನಲ್ಲಿ ಇಂಥ ರಸ್ತೆಗಳಿಗೆ ಎಂಥ ಬೆಲೆಯಿದೆ ನೋಡಿ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟ, ಗೋಧಿ ಹೊಲಗಳ ನಡುವೆ ಹಾದುಹೋಗುವ ಬಿಳಿ ಜಲ್ಲಿಯ ದಾರಿಗಳಿವೆ. ಅವುಗಳಿಗೆಲ್ಲ ಡಾಂಬರು ಬಿದ್ದು ಹಳೆಯ ದಾರಿಗಳು ಅಳಿದುಹೋಗಬಾರದೆಂದು 1997ರಲ್ಲಿ ಕೆಲವರು ಸೇರಿ ‘ಲೆರೊಯಿಕಾ’ ಎಂಬ ಸೈಕಲ್ ಸವಾರಿ ಆರಂಭಿಸಿದರು. ಅದಕ್ಕೊಂದು ವಿಚಿತ್ರ ನಿಯಮ: 1987ಕ್ಕೆ ಮೊದಲು ತಯಾರಾದ ಹಳೆಯ ರೇಸ್ ಸೈಕಲ್ಲೇ ಆಗಬೇಕು. ಮುಂದೆ 2007ರಿಂದ ಅದೇ ದಾರಿಗಳ ಮೇಲೆ ‘ಸ್ಟ್ರಾಡೆ ಬಿಯಾಂಕೆ’ ಎಂಬ ವೃತ್ತಿಪರರ ಸ್ಪರ್ಧೆ ನಡೆಯುತ್ತಿದೆ. ಬಿಳಿ ರಸ್ತೆಗಳು ಎಂದೇ ಆ ಹೆಸರಿನ ಅರ್ಥ. ದೇಶವಿದೇಶಗಳ ಜನ ಹಣ ಖರ್ಚು ಮಾಡಿ ಅಲ್ಲಿಗೆ ಹೋಗುತ್ತಾರೆ. ಹೊಲ, ಹಳೆಯ ಗುಡಿ, ಸಣ್ಣ ಊರು, ಕಡಿಮೆ ವಾಹನ: ಅವರು ಹುಡುಕಿಕೊಂಡು ಹೋಗುವುದು ಇಷ್ಟನ್ನೇ.

ಎರಡು ಸಮುದ್ರಗಳ ನಡುವೆ

ಧಾರವಾಡ ಜಿಲ್ಲೆಯ ನೆಲಕ್ಕೊಂದು ವಿಶೇಷವಿದೆ. ಪಶ್ಚಿಮಕ್ಕೆ ಕಲಘಟಗಿ ಕಡೆ ಬಿದ್ದ ಮಳೆ ಬೇಡ್ತಿ ಸೇರಿ, ಮುಂದೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಕುಂದಗೋಳ, ನವಲಗುಂದದ ಕಡೆ ಬಿದ್ದದ್ದು ಬೆಣ್ಣಿಹಳ್ಳದಿಂದ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಧಾರವಾಡ ಪಟ್ಟಣ ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದ್ದರೆ ನವಲಗುಂದ 600 ಮೀಟರಿಗಿಂತ ಕೆಳಗಿದೆ. ಬಸ್ಸಿನಲ್ಲಿ ಕುಳಿತರೆ ಈ ಇಳುಕಲು ತಿಳಿಯುವುದೇ ಇಲ್ಲ. ಸೈಕಲ್ ಮೇಲಿದ್ದರೆ ತೊಡೆಗಳೇ ಹೇಳುತ್ತವೆ.

ಕಲಘಟಗಿ: ಗಿಡಗಳ ನೆರಳು

ಹುಬ್ಬಳ್ಳಿಯಿಂದ ಕಲಘಟಗಿ ಸುಮಾರು 28 ಕಿ.ಮೀ. ಆದರೆ ಹುಬ್ಬಳ್ಳಿ–ಕಾರವಾರ ಹೆದ್ದಾರಿಯಲ್ಲಿ ಲಾರಿಗಳ ಕಾಟ. ಧಾರವಾಡದಿಂದ ನೇರವಾಗಿ ಕಲಘಟಗಿಗೆ ಹೋಗುವ ರಸ್ತೆ ಅದಕ್ಕಿಂತ ವಾಸಿ. ಈ ಕಡೆ ಅರೆಮಲೆನಾಡು. ಭತ್ತದ ಗದ್ದೆ, ಗೋವಿನಜೋಳ, ಮಾವಿನ ತೋಪುಗಳು ಬರುತ್ತವೆ. ರಸ್ತೆ ಒಂದೇ ಸಮನೆ ಏರುತ್ತದೆ, ಇಳಿಯುತ್ತದೆ. ಗೇರ್ ಇಲ್ಲದ ಸೈಕಲ್ಲಿನವರು ಒಂದೆರಡು ದಿಬ್ಬಗಳಲ್ಲಿ ಇಳಿದು ತಳ್ಳಿದರೆ ಮಾನವೇನೂ ಹೋಗುವುದಿಲ್ಲ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಗೊತ್ತು. ಅರಗಿನ ಬಣ್ಣದಲ್ಲಿ ಚಿತ್ರ ಬರೆಯುವ ಚಿತ್ರಗಾರ ಮನೆತನಗಳು ಇಲ್ಲಿವೆ. ಮುಂದೆ ತಂಬೂರಿನ ಬಸವಣ್ಣನ ಗುಡಿ, ದೇವಿಕೊಪ್ಪದ ಕಾಡು. ಬೇಸಿಗೆಯಲ್ಲೂ ನೆರಳು ಸಿಗುವ ಹಾದಿ ಇದು. ಕಾಡಿನ ಭಾಗದಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡಬಹುದು. ಒಬ್ಬರೇ ಹೋಗುವುದು ಬೇಡ.

ಕುಂದಗೋಳ: ಗುರುವಿನ ಊರು

ಮೊದಲ ಸಲ ಹೊರಡುವವರಿಗೆ ಇದೇ ಒಳ್ಳೆಯದು. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ., ಹೆಚ್ಚು ಏರಿಳಿತವಿಲ್ಲ. 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರ ಊರಿದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಇಲ್ಲಿಗೆ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಗೆ ನೀರು ಹೊತ್ತು ಕಲಿತದ್ದೂ ಇಲ್ಲೇ. ನಾಡಗೀರ ವಾಡೆ, ಶಂಭುಲಿಂಗ ದೇವಸ್ಥಾನ ನೋಡಿಕೊಂಡು ಸಂಶಿ, ಗುಡಗೇರಿ ಕಡೆಗೆ ಮುಂದುವರಿಯಬಹುದು. ಕುಂದಗೋಳ, ಸಂಶಿ, ಗುಡಗೇರಿ ಮೂರೂ ಕಡೆ ರೈಲು ನಿಲ್ದಾಣಗಳಿರುವುದು ಒಂದು ಧೈರ್ಯ. ಜನವರಿ–ಫೆಬ್ರುವರಿಯಲ್ಲಿ ಹೋದರೆ ಕಣಗಳಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕಾಣುತ್ತದೆ. ಅದಕ್ಕೂ ಮೊದಲು ಅದರ ಘಾಟು ಮೂಗಿಗೆ ಬಡಿದಿರುತ್ತದೆ.

ಅಣ್ಣಿಗೇರಿ–ನವಲಗುಂದ: ಎರಿ ಬಯಲು

ಅಣ್ಣಿಗೇರಿಯಿಂದ ನವಲಗುಂದ ಸುಮಾರು 20 ಕಿ.ಮೀ. ನಿಜವಾದ ಬಯಲುಸೀಮೆಯ ರಸ್ತೆ ಇದು. ಎರಡೂ ಕಡೆ ಕಣ್ಣು ಹಾಯುವವರೆಗೆ ಎರಿ ಹೊಲ, ಮರಗಳು ಅಪರೂಪ. ಮುಂಗಾರಿನಲ್ಲಿ ಹೆಸರು, ಉಳ್ಳಾಗಡ್ಡಿ, ಹತ್ತಿ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋದರೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತವರು ‘ಬರ್ರೀ, ಉಂಡು ಹೋಗ್ರಿ’ ಎಂದು ಕರೆಯದೇ ಬಿಡುವುದಿಲ್ಲ.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು, 76 ಕಂಬಗಳದ್ದು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನ ತಾಯಿ ಅಬ್ಬಣಬ್ಬೆಯ ಕಡೆಯವರು ಈ ಊರಿನವರು. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ ಜಮಖಾನೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ಈ ತಾಲ್ಲೂಕಿಗೂ ಬರುತ್ತದೆ. ಆ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿತು. ನವಲಗುಂದದಲ್ಲಿ ಹುತಾತ್ಮ ರೈತರ ಸ್ಮಾರಕವಿದೆ. ಕಾಲುವೆ ದಾಟಿ ಬಂದು ಅದರ ಮುಂದೆ ಸೈಕಲ್ ನಿಲ್ಲಿಸಿದರೆ, ನೋಟ್ಸ್‌ನಲ್ಲಿ ಒಂದು ತಾರೀಖಾಗಿದ್ದದ್ದು ಈ ಹೊಲಗಳ ಕತೆಯಾಗಿ ಅರ್ಥವಾಗುತ್ತದೆ. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಬೆಣ್ಣಿಹಳ್ಳದ ದಂಡೆಯ ಯಮನೂರಿಗೆ ಹೋಗಿ. ಅಲ್ಲಿಯ ರಾಜಾಬಾಗಸವಾರ ದರ್ಗಾಕ್ಕೆ ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ.

ಗಾಳಿ, ಕೆಸರು, ಜಾಲಿಮುಳ್ಳು

ಬಯಲಿನಲ್ಲಿ ದಿಬ್ಬವಿಲ್ಲ, ಅದರ ಬದಲು ಗಾಳಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಪಶ್ಚಿಮದ ಕಡೆಯಿಂದ ಬೀಸುತ್ತದೆ. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟವರಿಗೆ ಬೆನ್ನಿಗೆ ಗಾಳಿ, ಮುಂದೆ ಇಳುಕಲು. ‘ನಾನೇ ಇಷ್ಟು ಜೋರು ಹೊಡೆಯುತ್ತಿದ್ದೇನೆ’ ಎನಿಸುತ್ತದೆ. ಮರಳುವಾಗ ಅದೇ ದೂರಕ್ಕೆ ಒಂದೂವರೆ ಪಟ್ಟು ಹೊತ್ತು ಹಿಡಿಯಬಹುದು. ಆದ್ದರಿಂದ ಮಳೆಗಾಲದಲ್ಲಿ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆ ಬನ್ನಿ.

ಎರಿ ಮಣ್ಣಿನ ಗುಣ ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಸಾಕು, ಚಕ್ಕಡಿ ದಾರಿಯ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಬೇಡಿ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಒಮ್ಮೆಲೇ ಉಕ್ಕುತ್ತವೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲುದ್ದವೇ ಇದೆ ಎಂದು ಹೆಜ್ಜೆ ಇಡಬೇಡಿ, ತಿರುಗಿ ಬನ್ನಿ. ಸುಗ್ಗಿಯಲ್ಲಿ ಕೆಲವು ಕಡೆ ರಸ್ತೆಯ ಮೇಲೆಯೇ ರಾಶಿ ಹರಡಿರುತ್ತಾರೆ. ಅಲ್ಲಿ ಸೈಕಲ್ ಜಾರುತ್ತದೆ, ಇಳಿದು ನಡೆಯುವುದೇ ಕ್ಷೇಮ.

ದುಬಾರಿ ಸೈಕಲ್ ಬೇಕಿಲ್ಲ. ಬ್ರೇಕ್ ಕಟ್ಟೆ, ಚೈನು, ಬೇರಿಂಗ್ ನೋಡಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗುವಷ್ಟು ಸೀಟು ಎತ್ತರಿಸಿ. ಮೊಣಕಾಲು ನೋವು ಎನ್ನುವವರಲ್ಲಿ ಹಲವರ ಸೀಟು ತೀರಾ ಕೆಳಗಿರುತ್ತದೆ. ಜಾಲಿಮುಳ್ಳು ಚುಚ್ಚುವುದು ಗ್ಯಾರಂಟಿ. ಪಂಪು, ಪಾನಾ, ಪಂಕ್ಚರ್ ಸಾಮಾನು ಚೀಲದಲ್ಲಿರಲಿ. ಪಂಕ್ಚರ್ ತೆಗೆಯುವುದನ್ನು ಮೊದಲೇ ಕಲಿತಿರಿ. ಎರಡು ಬಾಟಲಿ ನೀರು, ರೊಟ್ಟಿ–ಶೇಂಗಾ ಚಟ್ನಿಯ ಬುತ್ತಿ, ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ. ಬೆಳಿಗ್ಗೆ 6ಕ್ಕೆ ಹೊರಟು 11ರೊಳಗೆ ಮನೆ ಸೇರುವಂತೆ ಲೆಕ್ಕ ಹಾಕಿ. ಹುಡುಗಿಯರು ನಾಲ್ಕಾರು ಗೆಳತಿಯರ ಗುಂಪು ಕಟ್ಟಿಕೊಂಡರೆ ಮನೆಯಲ್ಲಿ ಒಪ್ಪಿಗೆಯೂ ಸುಲಭ, ದಾರಿಯೂ ಹಗುರ.

ಮುಂದಿನ ಮೆಟ್ಟಿಲು

ಸಾಧಾರಣ ಸೈಕಲ್ಲಿನಲ್ಲಿ ತಾಸಿಗೆ 12ರಿಂದ 15 ಕಿ.ಮೀ. ಸಲೀಸು. ಕುಂದಗೋಳಕ್ಕೆ ಹೋಗಿಬಂದರೆ 40 ಕಿ.ಮೀ. ಆಯಿತು. ರುಚಿ ಹತ್ತಿದವರಿಗೆ ಬಿ.ಆರ್.ಎಂ. ಎಂಬ ದೂರದ ಸವಾರಿಗಳಿವೆ. ಹುಬ್ಬಳ್ಳಿಯಲ್ಲೂ ಇವು ನಡೆಯುತ್ತವೆ. 200 ಕಿ.ಮೀ. ದೂರವನ್ನು ಊಟ, ಚಹಾ, ವಿಶ್ರಾಂತಿ ಎಲ್ಲ ಸೇರಿ ಹದಿಮೂರೂವರೆ ತಾಸಿನಲ್ಲಿ ಮುಗಿಸಬೇಕು. ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. ಸಮಯದೊಳಗೆ ಬಂದವರೆಲ್ಲ ಪಾಸು. ಕಟ್‌ಆಫ್, ಮೆರಿಟ್ ಪಟ್ಟಿಗಳಲ್ಲಿ ಒಂದೆರಡು ಅಂಕಕ್ಕೆ ಹೊರಗುಳಿದವರಿಗೆ ಈ ನಿಯಮ ಎಷ್ಟು ಹಿತ ಎಂದು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ಇನ್ನೂ ಸಮಯವಿದೆ. ಸದ್ಯಕ್ಕೆ ಊರಿಗೆ ಹೋದಾಗ ಆ ಹಳೆಯ ಸೈಕಲ್ಲಿನ ಧೂಳು ಒರೆಸಿ, ಟ್ಯೂಬ್ ಬದಲಿಸಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಮೊದಲ ಭಾನುವಾರ ಪಕ್ಕದ ಊರಿನವರೆಗೆ, ಎರಡನೆಯದು ತಾಲ್ಲೂಕು ಕೇಂದ್ರದವರೆಗೆ. ಮೂರನೆಯ ಭಾನುವಾರ ಯಾವ ದಾರಿ ಎಂಬುದು ನಿಮಗೇ ಹೊಳೆಯುತ್ತದೆ.