ನೇರಕ್ಕೆ ಹುಡುಕಿದ್ದು, ಸುತ್ತಲೂ ಸಿಕ್ಕಿದ್ದು

ಸಿಡಿಲು ಬಡಿದ ಹಡಗಿನಲ್ಲಿ ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ದಕ್ಷಿಣ ತೋರಿಸಿದ್ದುಂಟು. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಏನೋ ನಂಟಿದೆ ಎಂಬ ಗುಮಾನಿ ಹೀಗೆ ಹಳೆಯದು. ಆದರೆ ಉಜ್ಜಿ ಹುಟ್ಟಿಸಿದ ವಿದ್ಯುತ್ತು ಒಂದು ಕಿಡಿ ಹಾರಿಸಿ ಮುಗಿದುಹೋಗುತ್ತಿತ್ತು. 1800ರಲ್ಲಿ ವೋಲ್ಟಾ ಬ್ಯಾಟರಿ ಮಾಡಿದ ಮೇಲೆಯೇ ಬಿಡದೆ ಹರಿಯುವ ಕರೆಂಟು ಕೈಗೆ ಬಂತು. ಆಮೇಲೂ ಆ ನಂಟು ಕಣ್ಣಿಗೆ ಬೀಳಲು ಇಪ್ಪತ್ತು ವರ್ಷ ಹಿಡಿಯಿತು.

1820ರ ವಸಂತ. ಕೋಪನ್‌ಹೇಗನ್‌ನ ಪ್ರಾಧ್ಯಾಪಕ ಹ್ಯಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಪಾಠದ ನಡುವೆ ತೆಳು ಪ್ಲಾಟಿನಂ ತಂತಿಯಲ್ಲಿ ಕರೆಂಟು ಹರಿಸಿದರು. ಹತ್ತಿರದಲ್ಲಿದ್ದ ದಿಕ್ಸೂಚಿಯ ಮುಳ್ಳು ಕದಲಿತು. ಕದಲಿದ್ದು ಅಷ್ಟಿಷ್ಟೇ, ಕೇಳುತ್ತಿದ್ದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಜುಲೈನಲ್ಲಿ ಓರ್‌ಸ್ಟೆಡ್ 20 ಕೋಶಗಳ ದೊಡ್ಡ ಬ್ಯಾಟರಿ ಜೋಡಿಸಿಕೊಂಡು ಮತ್ತೆ ಕೂತರು. ತಂತಿಯನ್ನು ಮುಳ್ಳಿನ ಮೇಲೆ ಹಿಡಿದರೆ ಮುಳ್ಳು ಒಂದು ಪಕ್ಕಕ್ಕೆ ತಿರುಗಿತು, ಕೆಳಗೆ ಹಿಡಿದರೆ ಇನ್ನೊಂದು ಪಕ್ಕಕ್ಕೆ. ನಡುವೆ ಗಾಜು, ಮರ, ನೀರು ಏನಿಟ್ಟರೂ ತಡೆಯಾಗಲಿಲ್ಲ. ಆಗ ಗೊತ್ತಿದ್ದ ಬಲಗಳೆಲ್ಲ ನೇರವಾಗಿ ಎಳೆಯುವಂಥವು, ಇಲ್ಲವೇ ನೇರವಾಗಿ ತಳ್ಳುವಂಥವು. ಇದು ಎರಡೂ ಅಲ್ಲ. ಕರೆಂಟಿನ ಪ್ರಭಾವ ತಂತಿಯ ಉದ್ದಕ್ಕಿಲ್ಲ, ಕೈಗೆ ಬಳೆ ತೊಟ್ಟಂತೆ ಅದರ ಸುತ್ತ ಇದೆ ಎಂದು ಅವರು ತೀರ್ಮಾನಿಸಿದರು. ಜುಲೈ 21ರಂದು ನಾಲ್ಕು ಪುಟದ ಲ್ಯಾಟಿನ್ ಲೇಖನ ಅಚ್ಚಾಯಿತು.

ಮುಂದಿನದೆಲ್ಲ ಓಟ. ಸೆಪ್ಟೆಂಬರ್ 11ರಂದು ಅರಾಗೊ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಈ ಪ್ರಯೋಗ ಮಾಡಿ ತೋರಿಸಿದರು. ಅದನ್ನು ಕಂಡ ಆಂಪಿಯರ್ ಎರಡೇ ವಾರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಒಂದೇ ದಿಕ್ಕಿಗೆ ಕರೆಂಟು ಹರಿಯುವ ಎರಡು ಸಮಾಂತರ ತಂತಿಗಳು ಪರಸ್ಪರ ಸೆಳೆಯುತ್ತವೆ, ಅಲ್ಲಿ ಅಯಸ್ಕಾಂತವೇ ಬೇಕಿಲ್ಲ. ಪ್ರಭಾವ ಸುತ್ತಲೂ ಇದ್ದರೆ ತಂತಿಯನ್ನೇ ಸುರುಳಿ ಸುತ್ತಿದರಾಯಿತಲ್ಲ? ಅದೇ ವರ್ಷ ಜರ್ಮನಿಯ ಶ್ವೈಗರ್ ಹಾಗೆ ಮಾಡಿದರು. ಸುತ್ತು ಹೆಚ್ಚಿದಷ್ಟೂ ಬಲ ಹೆಚ್ಚಿತು. ಇಂಗ್ಲೆಂಡಿನ ಸ್ಟರ್ಜನ್ ಮೆದು ಕಬ್ಬಿಣಕ್ಕೆ ತಂತಿ ಸುತ್ತಿ, ಕರೆಂಟು ಇರುವಷ್ಟು ಹೊತ್ತು ಮಾತ್ರ ಅಯಸ್ಕಾಂತವಾಗುವ ವಿದ್ಯುತ್ಕಾಂತವನ್ನು 1825ರ ಹೊತ್ತಿಗೆ ತೋರಿಸಿದರು.

ಶಿವಮೊಗ್ಗ–ಹೊನ್ನಾಳಿ ರಸ್ತೆಯ ಹೊಳಲೂರಿನ ಕಡೆ ತೋಟಕ್ಕೆ ನೀರು ಬಿಡುವವರಿಗೆ ಈ ಗುಣ ಚೆನ್ನಾಗಿ ಗೊತ್ತು, ಸ್ಟರ್ಜನ್ ಹೆಸರು ಗೊತ್ತಿರಬೇಕಿಲ್ಲ. ತ್ರೀ ಫೇಸ್ ಬಂದಾಗ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಒಳಗಿನ ನೋ ವೋಲ್ಟ್ ಕಾಯಿಲ್ ಕಬ್ಬಿಣವನ್ನು 'ಟಕ್' ಎಂದು ಸೆಳೆದು ಹಿಡಿಯುತ್ತದೆ, ಮೋಟರ್ ಓಡುತ್ತದೆ. ಕರೆಂಟು ಹೋದರೆ ಹಿಡಿತವೂ ಹೋಯಿತು. ಮೋಟರ್ ತಿರುಗುವುದಕ್ಕೂ ಅದರೊಳಗಿನ ತಾಮ್ರದ ಸುತ್ತುಗಳ ಕಾಂತಕ್ಷೇತ್ರವೇ ಕಾರಣ. ಅದಕ್ಕೇ ಮೋಟರ್ ಸುಟ್ಟಾಗ ವೈಂಡಿಂಗ್ ಮಾಡುವವರು ಹಳೆಯ ತಂತಿ ಬಿಚ್ಚಿ ಮೊದಲು ಸುತ್ತು ಎಣಿಸುವುದು. ನಾಲ್ಕು ಸುತ್ತು ಉಳಿಸಲು ಹೋದರೆ ಮೋಟರ್ ಹೆಚ್ಚು ಕರೆಂಟು ಎಳೆದು, ಕಾದು, ಮತ್ತೆ ಅದೇ ಅಂಗಡಿಗೆ ಬರುತ್ತದೆ.